ಬರೆದವರ ವಿಳಾಸ ಎಲ್ಲಿ?

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ ಪೊಲೀಸ್ ಠಾಣೆಯ ಮುಂದೆ ಸೇರಿದ ಜನರ ಬೇಡಿಕೆ ಒಂದೇ ಆಗಿತ್ತು: ಬರೆದವನನ್ನು ಹಿಡಿಯಿರಿ. ಪುಲಿಕೇಶಿನಗರ ಕ್ಷೇತ್ರದ ಅಂದಿನ ಶಾಸಕ ಅಖಂಡ ಶ್ರೀನಿವಾಸಮೂರ್ತಿ ಅವರ ಸಂಬಂಧಿಯೊಬ್ಬನ ಫೇಸ್‌ಬುಕ್ ಖಾತೆಯಲ್ಲಿ ಪ್ರವಾದಿ ಮಹಮ್ಮದರನ್ನು ಅವಹೇಳನ ಮಾಡುವ ಬರಹ ಕಾಣಿಸಿಕೊಂಡಿತ್ತು. ಬೆಳಗಾಗುವಷ್ಟರಲ್ಲಿ ಕಾವಲ್ ಬೈರಸಂದ್ರದಲ್ಲಿದ್ದ ಶಾಸಕರ ಮನೆಗೆ ಬೆಂಕಿ ಬಿದ್ದಿತ್ತು, ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿ ಠಾಣೆಗಳ ಮೇಲೆ ದಾಳಿಯಾಗಿತ್ತು, ಗೋಲಿಬಾರಿನಲ್ಲಿ ಮೂವರು ಸತ್ತಿದ್ದರು. ಖಾತೆಯ ಒಡೆಯನನ್ನು ಬಂಧಿಸಲಾಯಿತು. ಬರೆದದ್ದು ತಾನಲ್ಲ, ಖಾತೆಗೆ ಯಾರೋ ಕನ್ನ ಹಾಕಿದ್ದಾರೆ ಎಂದು ಆತ ಹೇಳಿಕೊಂಡದ್ದು ವರದಿಯಾಯಿತು.

ಬರಹವೊಂದರಿಂದ ಈ ಊರು ಹೊತ್ತಿ ಉರಿದದ್ದು ಅದೇ ಮೊದಲಲ್ಲ. 1986ರ ಡಿಸೆಂಬರ್‌ನಲ್ಲಿ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅಚ್ಚಾದ ಕಥೆಯೊಂದು ಗಲಭೆಗೆ ಕಾರಣವಾಯಿತು; ಹಲವರು ಪ್ರಾಣ ಕಳೆದುಕೊಂಡರು. ಆದರೆ ಅಂದು ಹೊಣೆ ಯಾರದೆಂದು ಹುಡುಕಬೇಕಾಗಿರಲಿಲ್ಲ. ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರನ್ನು ಪತ್ರಿಕೆಯಲ್ಲೇ ಅಚ್ಚು ಹಾಕಬೇಕೆಂಬುದು ಬ್ರಿಟಿಷರ ಕಾಲದಿಂದ, 1867ರ ಕಾಯ್ದೆಯಿಂದ ಬಂದ ಕಟ್ಟುಪಾಡು. ಪತ್ರಿಕೆ ಕ್ಷಮೆ ಕೇಳಿತು. ಹೋದ ಜೀವ ಅದರಿಂದ ಮರಳಲಿಲ್ಲ, ನಿಜ. ಆದರೂ ಕೇಳುವುದಕ್ಕೆ ಒಂದು ಬಾಗಿಲು ಇತ್ತು.

ಕಂಪ್ಯೂಟರ್ ಜಾಲದ ಹರಟೆಕಟ್ಟೆಗಳಿಗೂ ಮೊದಮೊದಲು ಅಂಥದೊಂದು ಬಾಗಿಲು ಇದ್ದುದನ್ನು ಈಗ ಹೆಚ್ಚಿನವರು ಮರೆತಿದ್ದಾರೆ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಯೋಚಿಸಿದ 'ಯೂಸ್‌ನೆಟ್' ಇಂಥ ಕಟ್ಟೆ. ಮುಂದೆ ಕರ್ನಾಟಕದ ಹೆಸರಿನಲ್ಲೂ ಅಲ್ಲೊಂದು ಗುಂಪು ಹುಟ್ಟಿತು; ಕನ್ನಡ ಲಿಪಿ ಮೂಡದ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬೇಕಿದ್ದ ಕಾಲ ಅದು. ಸಾಮಾನ್ಯವಾಗಿ ಪ್ರತಿ ಓಲೆಯ ತಲೆಯ ಮೇಲೆ ಬರೆದವರ ಕಾಲೇಜು ಅಥವಾ ಕಂಪನಿಯ ವಿಳಾಸ ಇರುತ್ತಿತ್ತು. ಯಾರಾದರೂ ಬಾಯಿಗೆ ಬಂದಂತೆ ಬೈದರೆ ಆ ಸಂಸ್ಥೆಯ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ದೂರು ಹೋಗುತ್ತಿತ್ತು. ಅವರು ಸಂಪರ್ಕವನ್ನೇ ಕಿತ್ತುಹಾಕಬಹುದಿತ್ತು. ಕಾನೂನಿಗಿಂತ ಈ ಅಂಜಿಕೆಯೇ ಹೆಚ್ಚು ಕೆಲಸ ಮಾಡುತ್ತಿತ್ತು.

ಫಿನ್‌ಲೆಂಡಿನ ಯೋಹಾನ್ ಹೆಲ್ಸಿಂಗಿಯಸ್ 1993ರಲ್ಲಿ ಹೆಸರು ಅಳಿಸಿ ಓಲೆ ದಾಟಿಸುವ ಏರ್ಪಾಡು ಮಾಡಿದರು. ಸ್ವಂತ ಹೆಸರಿನಲ್ಲಿ ನೋವು ಹೇಳಿಕೊಳ್ಳಲಾಗದವರಿಗೆ ಅದು ಆಸರೆಯಾಯಿತು, ಮರೆಯಲ್ಲಿ ನಿಂತು ಕಲ್ಲು ಬೀರುವವರಿಗೂ ಆಯಿತು. 1995ರಲ್ಲಿ ಸೈಂಟಾಲಜಿ ಪಂಥದ ದೂರಿನ ಮೇಲೆ ಪೊಲೀಸರು ಬಂದು ಒಬ್ಬರ ವಿಳಾಸ ಪಡೆದರು. ಮರುವರ್ಷ ಅದು ಮುಚ್ಚಿತು.

ಭಾರತದಲ್ಲಿ ವಿ.ಎಸ್.ಎನ್.ಎಲ್. 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲ ತೆರೆಯಿತು. ಕಾಲೇಜಿನ ವಿಳಾಸದ ಜಾಗಕ್ಕೆ ಸೇವೆ ಕೊಡುವ ಕಂಪನಿ ಎರವಲು ನೀಡುವ ಸಂಖ್ಯೆ ಬಂತು. ಈ ಸಂಖ್ಯೆ ಬಹುಪಾಲು ಕಾಯಂ ಅಲ್ಲ. ಬೆಳಿಗ್ಗೆ ಒಬ್ಬರ ಬಳಿ ಇದ್ದದ್ದು ಸಂಜೆ ಇನ್ನೊಬ್ಬರಿಗೆ ಹೋಗಬಹುದು. ದಿನ, ಗಂಟೆ, ನಿಮಿಷ ಸರಿಯಾಗಿ ತಾಳೆಯಾಗದಿದ್ದರೆ ಪೊಲೀಸರು ತಟ್ಟುವುದು ಬೇರೆಯವರ ಕದ.

ಹಾಗೆಯೇ ಆಯಿತು. ಆರ್ಕುಟ್ ತಾಣದಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದ ಆರೋಪದ ಮೇಲೆ ಪುಣೆ ಪೊಲೀಸರು 2007ರ ಆಗಸ್ಟ್ 31ರಂದು ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಬಂಧಿಸಿ ಕರೆದೊಯ್ದರು. ಏರ್‌ಟೆಲ್ ಕೊಟ್ಟ ವಿವರ ತಪ್ಪಾಗಿತ್ತು. ಚಿತ್ರಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಅಷ್ಟರಲ್ಲಿ ಅವರು ಯೆರವಡಾ ಜೈಲಿನಲ್ಲಿ 50 ದಿನ ಕಳೆದಿದ್ದರು. ಅವರ ಹೆಸರು ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಮತ್ತೊಮ್ಮೆ ಅಚ್ಚು ಹಾಕುವುದು ಬೇಡ.

ಕಾನೂನು ಆಮೇಲೆ ಮಾತಿನ ಬೆನ್ನು ಹತ್ತಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ 2009ರಲ್ಲಿ ಜಾರಿಗೆ ಬಂತು. ಯಾರಿಗೋ ಕಿರಿಕಿರಿಯಾದರೂ ಅಪರಾಧವಾಗುವಷ್ಟು ಸಡಿಲವಾಗಿದ್ದ ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು.

ಪುಲಿಕೇಶಿನಗರದ ಘಟನೆಯ ನಂತರ ಹಾನಿಯ ಲೆಕ್ಕ ಹಾಕಲು ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರನ್ನು ನೇಮಿಸಿತು. 2021ರ ಫೆಬ್ರುವರಿಯಲ್ಲಿ ಬಂದ ಕೇಂದ್ರದ ನಿಯಮಗಳು, ಕೋರ್ಟು ಅಥವಾ ಅಧಿಕಾರಿ ಆದೇಶಿಸಿದಾಗ ಸಂದೇಶವನ್ನು ಮೊದಲು ಕಳಿಸಿದವರು ಯಾರೆಂದು ದೊಡ್ಡ ಸಂದೇಶ ಸೇವೆಗಳು ತಿಳಿಸಬೇಕೆಂದವು. ವಾಟ್ಸ್‌ಆ್ಯಪ್ ಅದೇ ವರ್ಷ ದೆಹಲಿ ಹೈಕೋರ್ಟಿಗೆ ಹೋಯಿತು. ಒಬ್ಬ ಕಿಡಿಗೇಡಿಗಾಗಿ ಎಲ್ಲರ ಓಲೆಯ ಗುಟ್ಟನ್ನೂ ಬಿಚ್ಚಿಡಬೇಕಾಗುತ್ತದೆ ಎಂಬುದು ಅದರ ತಕರಾರು.