ಕಡಲಿಗೆ ಸಕ್ಕರೆ, ಮನೆಗೆ ಜೋನಿಬೆಲ್ಲ

1342ರ ಸುಮಾರಿಗೆ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತಾ ಊಟಕ್ಕೆ ಕುಳಿತ. ಮುಂದೆ ತಾಮ್ರದ ಮಣೆ, ಅದರ ಮೇಲೆ ತಾಮ್ರದ ಹರಿವಾಣ. ರೇಷ್ಮೆ ಉಟ್ಟ ಪರಿಚಾರಿಕೆ ದೊಡ್ಡ ಸೌಟಿನಲ್ಲಿ ಅನ್ನ ಬಡಿಸಿ ಮೇಲೆ ತುಪ್ಪ ಹಾಕಿದಳು. ಪಕ್ಕಕ್ಕೆ ಉಪ್ಪಿನಲ್ಲಿ ಹಾಕಿದ ಹಸಿ ಮೆಣಸಿನ ಕರೆ, ಶುಂಠಿ, ಲಿಂಬೆ, ಮಾವಿನಕಾಯಿ. ಒಂದು ಸುತ್ತು ಮುಗಿದಂತೆ ಮತ್ತೆ ಅನ್ನ. ಆಮೇಲೆ ಕೋಳಿ, ಆಮೇಲೆ ಮೀನು, ಆಮೇಲೆ ತುಪ್ಪ ಹಾಲಿನಲ್ಲಿ ಬೇಯಿಸಿದ ಪಲ್ಯ. ಕೊನೆಗೆ ಮೊಸರು. ಮಳೆಗಾಲದಲ್ಲಿ ತಣ್ಣೀರು ಆಗದೆಂದು ಕುಡಿಯಲು ಬಿಸಿನೀರು. ಇನ್ನೊಮ್ಮೆ ಇದೇ ಸುಲ್ತಾನನ ಬಳಿ ಹನ್ನೊಂದು ತಿಂಗಳು ಉಳಿದು, ಅಷ್ಟೂ ದಿನ ರೊಟ್ಟಿ ಕಾಣದೆ ಅನ್ನವನ್ನೇ ಉಂಡೆ ಎಂದು ಅವನು ಬರೆಸಿದ್ದಾನೆ.

ಇಷ್ಟು ವಿವರವಾಗಿ ಹೇಳಿದ ಊಟದಲ್ಲಿ ಸಿಹಿ ಮಾತ್ರ ಇಲ್ಲ. ಪಾಯಸವಿಲ್ಲ, ಕಡುಬಿಲ್ಲ, ಶರಬತ್ತೂ ಇಲ್ಲ. ಊಟ ಮೊಸರಿನಲ್ಲಿ ಮುಗಿಯಿತು, ಇವತ್ತಿಗೂ ಹೊನ್ನಾವರದ ಮನೆಗಳಲ್ಲಿ ಮುಗಿಯುವ ಹಾಗೆ.

ಹಾಗೆಂದು ಈ ಕರಾವಳಿಗೆ ಸಿಹಿಯ ಬರವೇನೂ ಇರಲಿಲ್ಲ. ಹೊನ್ನಾವರದಿಂದ ದಕ್ಷಿಣಕ್ಕೆ ಹೊರಟ ಅದೇ ಇಬ್ನ್ ಬತೂತಾ ಬಾರಕೂರಿಗೆ ಬಂದಾಗ ಅಲ್ಲಿನ ಕಬ್ಬು ನೋಡಿ ಬೆರಗಾದ. ಈ ಸೀಮೆಯಲ್ಲೆಲ್ಲ ಇಂಥ ಕಬ್ಬು ಬೇರೆಲ್ಲೂ ಇಲ್ಲವೆಂದು ಹೊಗಳಿದ. ಘಟ್ಟದಿಂದ ಇಳಿಯುವ ಹೊಳೆಗಳ ದಂಡೆಯ ಗದ್ದೆಗಳಲ್ಲಿ ಕಬ್ಬು ಬೆಳೆಯುತ್ತಿತ್ತು. ಆ ಕಬ್ಬಿನ ಸಿಹಿ ಎರಡು ದಾರಿ ಹಿಡಿಯಿತು. ಒಂದು ಬಂದರಿಗೆ ಹೋಗಿ ಹಡಗು ಹತ್ತಿತು. ಇನ್ನೊಂದು ಮನೆಯ ಅಟ್ಟದ ಮೇಲೆ, ಗಡಿಗೆಯಲ್ಲಿ ಉಳಿಯಿತು. ಭಟ್ಕಳ, ಹೊನ್ನಾವರ, ಕುಮಟಾಗಳ ಸಿಹಿತಿಂಡಿಯ ಚರಿತ್ರೆ ತಿಳಿಯಬೇಕಾದರೆ ಈ ಎರಡೂ ದಾರಿಗಳಲ್ಲಿ ನಡೆಯಬೇಕು.

ಹಡಗು ಹತ್ತಿದ ಸಿಹಿಯ ಲೆಕ್ಕ ಪೋರ್ಚುಗೀಸರ ಬರಹಗಳಲ್ಲಿದೆ. 1516ರ ಹೊತ್ತಿಗೆ ಬರೆದ ತನ್ನ ಪುಸ್ತಕದಲ್ಲಿ ದುಆರ್ತೆ ಬಾರ್ಬೋಸಾ ಭಟ್ಕಳವನ್ನು 'ಬಾತಿಕಲಾ' ಎಂದು ಕರೆದು, ದೊಡ್ಡ ವ್ಯಾಪಾರದ ಊರೆಂದು ವರ್ಣಿಸಿದ್ದಾನೆ. ಪರ್ಶಿಯಾ ಕೊಲ್ಲಿಯ ಬಾಯಲ್ಲಿರುವ ಓರ್ಮುಜ್‌ನಿಂದ ವರ್ಷವರ್ಷವೂ ಹಡಗುಗಳು ಇಲ್ಲಿಗೆ ಬರುತ್ತಿದ್ದವು. ಬರುವಾಗ ವಿಜಯನಗರಕ್ಕೆ ಬೇಕಾದ ಕುದುರೆ, ಮುತ್ತು. ಹೋಗುವಾಗ ಬಿಳಿ ಅಕ್ಕಿ, ಕಬ್ಬಿಣ, ಮತ್ತು ಸಕ್ಕರೆ.

ಅದೂ ಎಂಥ ಸಕ್ಕರೆ? ಪುಡಿ ಸಕ್ಕರೆ. ಇಲ್ಲಿನವರಿಗೆ ಅದನ್ನು ಅಚ್ಚಿಗೆ ಹಾಕಿ ಗಟ್ಟಿ ಮಾಡಲು ಬರುವುದಿಲ್ಲ, ಅದಕ್ಕೇ ಪುಡಿಯನ್ನು ಚಿಕ್ಕಚಿಕ್ಕ ಕಟ್ಟುಗಳಾಗಿ ಕಟ್ಟುತ್ತಾರೆ ಎಂದು ಬಾರ್ಬೋಸಾ ಟಿಪ್ಪಣಿ ಹಾಕಿದ್ದಾನೆ. ಅವನ ಕಣ್ಣಿಗೆ ಅದು ಕೊರತೆಯಾಗಿ ಕಂಡದ್ದು ಸಹಜ. ಪೋರ್ಚುಗೀಸರ ಮದೈರಾ ದ್ವೀಪದಲ್ಲಿ ಪಾಕವನ್ನು ಮಣ್ಣಿನ ಅಚ್ಚಿಗೆ ಸುರಿದು, ಶಂಕುವಿನಾಕಾರದ ಗಟ್ಟಿಯಾಗಿಸಿ ಮಾರುವುದೇ ರೂಢಿ. ಭಟ್ಕಳದ ಸಕ್ಕರೆಯ ರೀತಿ ಬೇರೆ. ಕಬ್ಬಿನ ಪಾಕವನ್ನು ಹರಳುಗಟ್ಟಲು ಬಿಟ್ಟು, ಅದರಿಂದ ಜಿನುಗುವ ಕಂದು ಕಾಕಂಬಿಯನ್ನು ಬಸಿದು, ಉಳಿದ ಹರಳನ್ನು ಒಣಗಿಸುವುದು ಭಾರತದ ಹಳೆಯ ಪದ್ಧತಿ. ಪುಡಿಯೇ ಆ ಪದ್ಧತಿಯ ಸಹಜ ರೂಪ. ಕಡಲ ಗಾಳಿಗೆ ಪಸೆಯಾಡದಂತೆ ಕಾಯಲು ಚಿಕ್ಕ ಕಟ್ಟುಗಳೇ ಅನುಕೂಲ.

ಸಕ್ಕರೆಯ ಹೆಸರಂತೂ ಈ ವ್ಯಾಪಾರಕ್ಕಿಂತ ಬಹಳ ಮೊದಲೇ ಪಯಣ ಹೊರಟಿತ್ತು. ಸಂಸ್ಕೃತದ ಶರ್ಕರಾ ಕನ್ನಡದಲ್ಲಿ ಸಕ್ಕರೆಯಾದಂತೆ ಪರ್ಶಿಯನ್ನಿನಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಪೋರ್ಚುಗೀಸಿನಲ್ಲಿ ಅಸೂಕರ್ ಆಯಿತು. ಇಂಗ್ಲಿಷಿನ ಶುಗರ್ ಅದೇ ವಂಶದ್ದು. ಖಂಡಸಕ್ಕರೆಯ 'ಖಂಡ' ಪರ್ಶಿಯನ್ನಿನ 'ಕಂದ್' ಆಗಿ, ಯುರೋಪಿಗೆ ಹೋಗಿ 'ಕ್ಯಾಂಡಿ' ಆಯಿತು. ಬೆಲ್ಲಕ್ಕೆ ಇಂಗ್ಲಿಷರು ಹೇಳುವ 'ಜ್ಯಾಗರಿ'ಯಂತೂ ಈ ಪಶ್ಚಿಮ ಕರಾವಳಿಯಲ್ಲೇ ಪೋರ್ಚುಗೀಸರ ಕಿವಿಗೆ ಬಿದ್ದು, ಅವರ ಬಾಯಲ್ಲಿ 'ಜಾಗರ' ಆದ ಮಾತು.

ಇಂಥ ಬಂದರಿನ ಮೇಲೆ ಎಲ್ಲರ ಕಣ್ಣು. 1502ರಲ್ಲಿ ವಾಸ್ಕೋ ಡ ಗಾಮ ಭಟ್ಕಳಕ್ಕೆ ಬಂದು ಬೆದರಿಸಿ, ವರ್ಷವರ್ಷವೂ ಅಕ್ಕಿಯ ಕಪ್ಪ ಕೊಡುವಂತೆ ಮಾಡಿದ. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್ ಇಲ್ಲಿ ಕೋಟೆ ಕಟ್ಟಲು ಕೃಷ್ಣದೇವರಾಯನ ಅನುಮತಿ ಕೇಳಿದ. 1542ರಲ್ಲಿ ಪೋರ್ಚುಗೀಸ್ ಪಡೆ ಊರಿಗೆ ನುಗ್ಗಿ ಸುಲಿಗೆ ಮಾಡಿತು. 1569ರಲ್ಲಿ ಹೊನ್ನಾವರದ ಕೋಟೆಯೂ ಅವರ ಕೈಸೇರಿತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಮೆಣಸಿನ ವ್ಯಾಪಾರವನ್ನು ಕೈಯಲ್ಲಿ ಹಿಡಿದು ಅರ್ಧ ಶತಮಾನ ಆಳಿದ್ದೂ ಇದೇ ಕಾಲದಲ್ಲಿ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದರು. ಮೆಣಸಿನ ಖಾರ ಚರಿತ್ರೆಯಲ್ಲಿ ದೊಡ್ಡ ಹೆಸರು ಪಡೆಯಿತು. ಅದೇ ನೀರಿನಲ್ಲಿ ಸಾಗಿದ ಸಕ್ಕರೆಯ ಕಟ್ಟುಗಳನ್ನು ನೆನೆಯುವವರು ಕಡಿಮೆ.

ಇನ್ನು ಮನೆಯ ದಾರಿ.

ಬಾರ್ಬೋಸಾ ಭಟ್ಕಳದ ಸಕ್ಕರೆಯನ್ನು ಬರೆದಿಡುತ್ತಿದ್ದ ಆಸುಪಾಸಿನಲ್ಲೇ, ಘಟ್ಟದ ಮೇಲೆ ಮೂರನೆಯ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಹಿಟ್ಟಿನ ತಿಂಡಿಗಳಿಗೇ ಒಂದು ಅಧ್ಯಾಯ ಮೀಸಲಿಟ್ಟು ಷಟ್ಪದಿಯಲ್ಲಿ ಪಾಕ ಹೇಳಿದ ಗ್ರಂಥ ಅದು. ಅರಮನೆಯ ಅಡುಗೆಗೆ ಹೀಗೆ ಕವಿಯೊಬ್ಬ ಸಿಕ್ಕಿದ. ಕರಾವಳಿಯ ಮನೆಗಳ ಅಡುಗೆಯನ್ನು ಯಾರೂ ಪದ್ಯ ಮಾಡಲಿಲ್ಲ. ಅದು ಅಜ್ಜಿಯಿಂದ ಮೊಮ್ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಳತೆಯಲ್ಲಿ ಬಂತು. ಅದರ ಮೂಲದ್ರವ್ಯ ಜೋನಿಬೆಲ್ಲ.

ಬಯಲುಸೀಮೆಯವರಿಗೆ ಬೆಲ್ಲವೆಂದರೆ ಅಚ್ಚು, ಉಂಡೆ, ಪೆಂಟೆ. ಕುಮಟಾ, ಹೊನ್ನಾವರದ ಕಡೆಯವರಿಗೆ ಬೆಲ್ಲವೆಂದರೆ ಸೌಟಿನಿಂದ ನೂಲಾಗಿ ಇಳಿಯುವ ಜೋನಿ. ನಾಲ್ಕು ತಿಂಗಳು ಬಿಡದೆ ಮಳೆ ಹೊಯ್ಯುವ ನೆಲದಲ್ಲಿ ಗಟ್ಟಿಬೆಲ್ಲ ಬೆವರುತ್ತದೆ, ಕರಗುತ್ತದೆ, ಇರುವೆಯ ಪಾಲಾಗುತ್ತದೆ. ಪಾಕವನ್ನು ಗಟ್ಟಿಯಾಗುವ ಮೊದಲೇ ಇಳಿಸಿ ಮಣ್ಣಿನ ಗಡಿಗೆಗೋ, ಈಚಿನ ಕಾಲದಲ್ಲಿ ತಗಡಿನ ಡಬ್ಬಿಗೋ ತುಂಬಿಟ್ಟರೆ ಕಬ್ಬು ಅರೆಯುವ ಮುಂದಿನ ಆಲೆಮನೆಯವರೆಗೆ ಚಿಂತೆಯಿಲ್ಲ. ದಿನ ಕಳೆದಂತೆ ಡಬ್ಬಿಯ ತಳದಲ್ಲಿ ಹರಳು ಕೂರುತ್ತದೆ. ಮನೆಯ ಮಕ್ಕಳು ಚಮಚ ಹಾಕಿ ಅದನ್ನೇ ಕೆರೆದು ತಿನ್ನುತ್ತವೆ. ಭಟ್ಕಳದ ಪುಡಿ ಸಕ್ಕರೆ ಹುಟ್ಟಿದ್ದೂ ಇಂಥ ಹರಳಿನಿಂದಲೇ.

ಸಂಕ್ರಾಂತಿಯ ಹಿಂದುಮುಂದು ಆಲೆಮನೆ ಶುರು. ಕೋಣಗಳ ಜೋಡಿ ನೊಗ ಹೊತ್ತು ಗಾಣದ ಸುತ್ತ ತಿರುಗುತ್ತಿದ್ದ ಕಾಲದಲ್ಲಿ ಮರದ ಗಾಣದ ಕಿರ್ರೆನ್ನುವ ಸದ್ದು ರಾತ್ರಿಯಿಡೀ ಊರಿಗೆ ಕೇಳುತ್ತಿತ್ತು. ಮುಂದೆ ಕಬ್ಬಿಣದ ಗಾಣ ಬಂತು, ಆಮೇಲೆ ಯಂತ್ರ. ಹಿಂಡಿದ ರಸಕ್ಕೆ ಇಲ್ಲಿನವರು ಹೇಳುವುದು ಕಬ್ಬಿನ ಹಾಲು. ಅಗಲವಾದ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತದೆ, ಒಲೆಗೆ ಕಬ್ಬಿನ ಒಣಗಿದ ಸಿಪ್ಪೆಯೇ ಉರುವಲು. ಚಿಟಿಕೆ ಸುಣ್ಣ ಬಿದ್ದೊಡನೆ ಕೊಳೆ ಮೇಲೆದ್ದು ಬರುತ್ತದೆ, ಅದನ್ನು ತೆಗೆದು ಚೆಲ್ಲುತ್ತಾರೆ. ಪಾಕ ಹದಕ್ಕೆ ಬರುವ ಮುನ್ನ ಉಕ್ಕುವ ನೊರೆಬೆಲ್ಲವನ್ನು ಬಾಳೆಯೆಲೆಯ ಮೇಲೆ ಹಿಡಿದು ತಿನ್ನಲು ಮಕ್ಕಳು ಕಾಯುತ್ತಿರುತ್ತಾರೆ. ಆಲೆಮನೆಗೆ ಬಂದವರಿಗೆ ಹಾಲು ಕುಡಿಸದೆ ಕಳಿಸುವ ರೂಢಿಯಿಲ್ಲ. ಗುರುತಿಲ್ಲದವರು ಬಂದರೂ ಲೋಟ ತುಂಬುತ್ತದೆ, ಮನೆಗೆ ಒಯ್ಯಲು ಚೊಂಬೂ ತುಂಬುತ್ತದೆ.

ತೊಡದೇವು ಹುಟ್ಟುವುದು ಇದೇ ಹೊತ್ತಿನಲ್ಲಿ. ಗುಂಡನೆಯ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕಿ ಹದವಾದ ಬೆಂಕಿ ಕೊಡುತ್ತಾರೆ. ನುಣ್ಣಗೆ ಬೀಸಿದ ಅಕ್ಕಿಹಿಟ್ಟಿಗೆ ಕಬ್ಬಿನ ಹಾಲೋ ಜೋನಿಬೆಲ್ಲವೋ ಸೇರಿಸಿ, ನೀರಿನಷ್ಟೇ ತೆಳ್ಳಗೆ ಕಲಸಿಕೊಳ್ಳುತ್ತಾರೆ. ಕೋಲಿಗೆ ಸುತ್ತಿದ ಬಿಳಿ ಬಟ್ಟೆಯನ್ನು ಆ ಹಿಟ್ಟಿನಲ್ಲಿ ಅದ್ದಿ, ಗಡಿಗೆಯ ಬೆನ್ನ ಮೇಲೆ ಒಂದೇ ಬೀಸಿಗೆ ಎಳೆಯಬೇಕು. ತೊಡೆಯುವುದು ಎಂದರೆ ಇದೇ, ತಿಂಡಿಯ ಹೆಸರು ಬಂದದ್ದೂ ಇಲ್ಲಿಂದಲೇ. ಚುಂಯ್ ಎಂದು ಆವಿ ಏಳುತ್ತದೆ. ಕೆಲವೇ ಕ್ಷಣಗಳಲ್ಲಿ ಅಂಚು ಬಿಡುತ್ತದೆ. ಬಿಸಿ ಇರುವಾಗಲೇ ಮಡಚಬೇಕು, ತಡವಾದರೆ ಮುರಿಯುತ್ತದೆ, ಆತುರವಾದರೆ ಹರಿಯುತ್ತದೆ. ಕೈಗೆ ಬಂದದ್ದು ಕಾಗದಕ್ಕಿಂತ ತೆಳುವಾದ, ಜೇನುಬಣ್ಣದ, ಬೆಳಕಿಗೆ ಹಿಡಿದರೆ ಆಚೆಯದು ಕಾಣುವ ಹಾಳೆ. ತುಪ್ಪ ಸವರಿಯೋ ಹಾಲಿನಲ್ಲಿ ನೆನೆಸಿಯೋ ತಿನ್ನುವುದು. ಹೊನ್ನಾವರದ ಹಳ್ಳಿಗಳಿಂದ ಶಿರಸಿ, ಸಾಗರದವರೆಗೆ ಹವ್ಯಕರ ಮನೆಗಳಲ್ಲಿ ಈ ಬೀಸು ಕಲಿತ ಕೈಗೆ ಇಂದಿಗೂ ವಿಶೇಷ ಗೌರವವಿದೆ.

ಇದೇ ಅಕ್ಕಿ, ಕಾಯಿ, ಬೆಲ್ಲ ವರ್ಷವಿಡೀ ರೂಪ ಬದಲಿಸುತ್ತವೆ. ನಾಗರಪಂಚಮಿಗೆ ಅರಿಶಿನದೆಲೆಯಲ್ಲಿ ಮಡಚಿ ಬೇಯಿಸಿದ ಕಡುಬು, ಕೊಂಕಣಿ ಮನೆಗಳಲ್ಲಿ ಅದೇ ಪಾತೋಳಿ. ಹಬೆಯಲ್ಲಿ ಎಲೆಯ ಪರಿಮಳ ಅಡುಗೆಮನೆ ದಾಟಿ ಅಂಗಳಕ್ಕೆ ಬರುತ್ತದೆ. ಹಲಸಿನ ಕಾಲಕ್ಕೆ ಹಣ್ಣಿನ ಕಡುಬು, ಮುಳಕ. ಮದುವೆಮನೆಗೆ ಅತ್ರಾಸ, ಸುಕ್ಕಿನುಂಡೆ, ಹೋಳಿಗೆ. ಚೌತಿಗೆ ಕರ್ಜಿಕಾಯಿ. ಈ ಕರ್ಜಿಕಾಯಿಯೇ ಕೊಂಕಣಿಗರ ನೆವರಿ. ಹೊನ್ನಾವರದ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ಕುಸ್ವಾರ್ ತಟ್ಟೆಯಲ್ಲಿ ಕುಲ್ಕುಲ್ ಪಕ್ಕದಲ್ಲಿ ಕೂರುವ ನೆವ್ರಿಯೂ ಅದೇ. ಅರ್ಧಚಂದ್ರದ ಒಂದು ಹೂರಣಕ್ಕೆ ಮೂರು ಮನೆಗಳಲ್ಲಿ ಮೂರು ಹಬ್ಬ.

ದೇವರ ಸಿಹಿಯ ಸಂಗತಿ ಸ್ವಲ್ಪ ಬೇರೆ. ಹೊನ್ನಾವರ ತಾಲ್ಲೂಕಿನ ಇಡಗುಂಜಿಯಲ್ಲಿ ಎರಡೇ ಕೈಯ ಪ್ರಾಚೀನ ಗಣಪತಿ ನಿಂತಿದ್ದಾನೆ. ಒಂದು ಕೈಯಲ್ಲಿ ತಾವರೆ ಮೊಗ್ಗು, ಇನ್ನೊಂದರಲ್ಲಿ ಮೋದಕ. ಈ ಸೀಮೆಯ ಹಳೆಯ ಸಿಹಿಗಳಲ್ಲೊಂದು ಕಲ್ಲಿನದು. ಇಲ್ಲಿಯ ಪ್ರಸಾದ ಪಂಚಕಜ್ಜಾಯ. ಖಾದ್ಯವೆಂಬ ಮಾತೇ ಸವೆದು ಕಜ್ಜಾಯವಾದದ್ದು. ಹುರಿದ ಕಾಳಿನ ಹಿಟ್ಟು, ಬೆಲ್ಲ ಅಥವಾ ಸಕ್ಕರೆ, ಎಳ್ಳು, ಕೊಬ್ಬರಿ, ಏಲಕ್ಕಿ ಕೂಡಿದ ಪಂಚಕಜ್ಜಾಯ ಒಣಗಿರುತ್ತದೆ. ಕಡುಬಿನಂತೆ ಮರುದಿನಕ್ಕೆ ಹಳಸುವುದಿಲ್ಲ. ಯಾತ್ರೆಗೆ ಬಂದವರು ಪೊಟ್ಟಣ ಕಟ್ಟಿಕೊಂಡು ಬಳ್ಳಾರಿಗೋ ಬೆಂಗಳೂರಿಗೋ ಒಯ್ದು ನೆರೆಯವರಿಗೆ ಹಂಚುತ್ತಾರೆ. ಭಟ್ಕಳದ ಬಂದರಿನಲ್ಲಿ ಸಕ್ಕರೆಗಿದ್ದ ಗುಣವೇ ಇಡಗುಂಜಿಯ ಪ್ರಸಾದಕ್ಕೂ ಇದೆ. ಒಣಗಿದ್ದಕ್ಕೆ ದೂರದ ದಾರಿ.

ಹಡಗುಗಳು ಒಯ್ದದ್ದಷ್ಟೇ ಅಲ್ಲ, ತಂದದ್ದೂ ಉಂಟು. ಅರಬ್ಬಿ, ಪರ್ಶಿಯಾ ಕಡೆಯ ವರ್ತಕರ ವಂಶದವರಾದ ಭಟ್ಕಳದ ನವಾಯತರ ಮನೆಗಳಲ್ಲಿ ಹಲ್ವಾ ನೆಲೆಯೂರಿತು. ಅರಬ್ಬಿಯಲ್ಲಿ ಹಲ್ವಾ ಎಂದರೆ ಸಿಹಿ ಎಂದೇ ಅರ್ಥ. ಗೋಧಿ ನೆನೆಸಿ ಹಾಲು ಹಿಂಡಿ, ಸಕ್ಕರೆ ಪಾಕದಲ್ಲಿ ತೊಳಸುತ್ತ, ತುಪ್ಪ ಸುರಿಯುತ್ತ, ತಳ ಬಿಟ್ಟು ಉಂಡೆಗಟ್ಟಿ ಹೊಳೆಯುವವರೆಗೆ ಕೈ ನಿಲ್ಲಿಸುವಂತಿಲ್ಲ. ನಾಲ್ಕು ಮೈಲಿ ಆಚೆಯ ಹಳ್ಳಿಯ ಮನೆಯಲ್ಲಿ ಹಾಲುಬಾಯಿ ಮಾಡುವವರ ಕೈಕೆಲಸವೂ ಹೀಗೆಯೇ. ಅಕ್ಕಿ, ತೆಂಗಿನಕಾಯಿ ನುಣ್ಣಗೆ ರುಬ್ಬಿ ಬೆಲ್ಲ ಹಾಕಿ, ಬಾಣಲೆಯ ತಳ ಬಿಡುವವರೆಗೆ ತೊಳಸಿ, ತುಪ್ಪ ಸವರಿದ ಹರಿವಾಣಕ್ಕೆ ಸುರಿದು ವಜ್ರಾಕಾರಕ್ಕೆ ಕೊಯ್ಯುವುದು. ಒಂದಕ್ಕೆ ಗೋಧಿ ಮತ್ತು ಸಕ್ಕರೆ, ಇನ್ನೊಂದಕ್ಕೆ ಅಕ್ಕಿ ಮತ್ತು ಬೆಲ್ಲ. ಭುಜ ನೋಯುವ ಹೊತ್ತು ಮಾತ್ರ ಎರಡೂ ಮನೆಯಲ್ಲಿ ಒಂದೇ.

19ನೇ ಶತಮಾನದಲ್ಲಿ ಸಿಹಿಯ ಹರಿವು ತಿರುಗಿತು. ಈ ಊರುಗಳಿರುವ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡದ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾದಿಂದ ಹಡಗು ಹತ್ತಿತು. ಲಿವರ್‌ಪೂಲಿನ ಮಾರುಕಟ್ಟೆಯಲ್ಲಿ 'ಕುಮಟಾ ಹತ್ತಿ' ಎಂದೇ ಅದಕ್ಕೆ ಹೆಸರು. ಅದೇ ಕಾಲಕ್ಕೆ ಮಾರಿಷಸ್ಸಿನ, ಆಮೇಲೆ ಜಾವಾದ ಯಂತ್ರದ ಬಿಳಿ ಸಕ್ಕರೆ ಪಶ್ಚಿಮ ಕರಾವಳಿಗೆ ಬರತೊಡಗಿತು. ಓರ್ಮುಜ್‌ಗೆ ಸಕ್ಕರೆ ಕಳಿಸುತ್ತಿದ್ದ ತೀರದವರು ಹೊರಗಿನ ಸಕ್ಕರೆ ಕೊಳ್ಳುವವರಾದರು. 1932ರಲ್ಲಿ ದೇಶದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಸಿಕ್ಕು, ಮರುವರ್ಷ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ತಲೆಯೆತ್ತಿದ ಮೇಲೆ ಬಿಳಿ ಸಕ್ಕರೆ ಹಳ್ಳಿಯ ಕಿರಾಣಿಗೂ ತಲುಪಿತು. ಚಹಾ ಬಂತು, ಅದರ ಹಿಂದೆಯೇ ಅಂಗಡಿಯ ಲಾಡು, ಜಿಲೇಬಿ. ಗೋಕರ್ಣದ ಶಿವರಾತ್ರಿ ಜಾತ್ರೆಯಲ್ಲಿ ಬೆಂಡು ಬತ್ತಾಸು, ಬಣ್ಣದ ಮಿಠಾಯಿಗಳ ರಾಶಿ ಬೆಳೆಯಿತು.

ಕಬ್ಬಿನ ಗದ್ದೆಗಳು ಅಡಿಕೆ ತೋಟಗಳಾದವು. ಕೋಣ ಕಟ್ಟುವ ಮನೆಗಳು ಕಡಿಮೆಯಾದವು. ಗಾಣ ಕಟ್ಟಲು, ರಾತ್ರಿಯಿಡೀ ಒಲೆ ಕಾಯಲು ಜನ ಸಿಗದೆ ಎಷ್ಟೋ ಆಲೆಮನೆಗಳು ನಿಂತವು. ಆ ನಷ್ಟ ಸಣ್ಣದಲ್ಲ. ಆದರೂ ಚಳಿಗಾಲದ ಕೊನೆಗೆ ಅಲ್ಲಲ್ಲಿ 'ಆಲೆಮನೆ ಹಬ್ಬ' ನಡೆಯುತ್ತದೆ. ಪೇಟೆಯವರು ಕಾರಿನಲ್ಲಿ ಬಂದು ಮಂಡಕ್ಕಿ, ಮಿರ್ಚಿಯ ಜೊತೆ ಹಾಲು ಕುಡಿದು ತೊಡದೇವು ತೊಡೆಯುವುದನ್ನು ನಿಂತು ನೋಡುತ್ತಾರೆ.

ಭಟ್ಕಳದ ಎಷ್ಟೋ ಕುಟುಂಬಗಳ ದುಡಿಮೆ ಈಗ ದುಬೈ, ಸೌದಿಯಲ್ಲಿ. ರಜೆ ಮುಗಿಸಿ ಹೊರಡುವವರ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಹಲ್ವಾದ ಪೊಟ್ಟಣ ಕೂರುತ್ತದೆ, ಹಿಂದೆ ಸಕ್ಕರೆಯ ಕಟ್ಟುಗಳು ದಾಟಿದ ಅದೇ ಕಡಲಿನ ಮೇಲೆ ಹಾರಲು. ಅತ್ತ ಕುಮಟಾದ ಹಳ್ಳಿಯಲ್ಲಿ ಜೋನಿಬೆಲ್ಲದ ಡಬ್ಬಿ ಅಟ್ಟದ ಮೇಲೆಯೇ ಇದೆ. ಮಳೆ ಹಿಡಿದ ಸಂಜೆ ಬಿಸಿ ದೋಸೆಯ ಪಕ್ಕಕ್ಕೆ ಒಂದು ಸೌಟು ಇಳಿಯುತ್ತದೆ, ಮೇಲೊಂದು ಚಮಚ ತುಪ್ಪ.