ಫ್ಯೂಮ್ ಹುಡ್

ಪ್ರಯೋಗಾಲಯದಲ್ಲಿ ವಿಷಾನಿಲ, ಆಮ್ಲದ ಹೊಗೆ, ದ್ರಾವಕಗಳ ಆವಿ ಕೆಲಸ ಮಾಡುವವರ ಮುಖಕ್ಕೆ ಬರದಂತೆ ಎಳೆದು ಹೊರಹಾಕುವ ಕಪಾಟು. ಮುಂದೆ ಮೇಲಕ್ಕೂ ಕೆಳಕ್ಕೂ ಸರಿಯುವ ಗಾಜಿನ ಬಾಗಿಲು, ನೆತ್ತಿಯ ಮೇಲೆ ಕೊಳವೆ, ಅದರ ತುದಿಯಲ್ಲಿ ಗಾಳಿ ಎಳೆಯುವ ಫ್ಯಾನು ಇರುತ್ತವೆ.

2011ರಲ್ಲಿ ಭೌಗೋಳಿಕ ಸೂಚಕ ಪಡೆದ ಉಡುಪಿಯ ಮಟ್ಟುಗುಳ್ಳದಂಥ ಬದನೆಯಲ್ಲಿ ಪ್ರೋಟೀನ್ ಎಷ್ಟಿದೆಯೆಂದು ಅಳೆಯಲು ಹೊರಟರೆ ಇದರ ಅಗತ್ಯ ತಿಳಿಯುತ್ತದೆ. 1883ರ ಕೆಲ್ಡಾಲ್ ವಿಧಾನದಲ್ಲಿ ಒಣಗಿಸಿದ ಪುಡಿಯನ್ನು ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸುತ್ತಾರೆ. ಮೊದಲು ಕಪ್ಪಾಗಿ ನೊರೆಯುಕ್ಕುವ ದ್ರವ ತಿಳಿಯಾಗುವವರೆಗೂ ಸಲ್ಫರ್ ಡೈಆಕ್ಸೈಡ್ ಹಾಗೂ ಆಮ್ಲದ ಬಿಳಿ ಹೊಗೆ ಏಳುತ್ತಲೇ ಇರುತ್ತದೆ. ಇದನ್ನು ತೆರೆದ ಮೇಜಿನ ಮೇಲೆ ಮಾಡಲೇಬಾರದು.

ಬಾಗಿಲಲ್ಲಿ ಒಳನುಗ್ಗುವ ಗಾಳಿಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 0.5 ಮೀಟರ್. ಅಷ್ಟು ಮೆಲ್ಲಗಿನ ಗಾಳಿಯಾದ್ದರಿಂದ, ಯಾರಾದರೂ ಸರಸರನೆ ಹಾದುಹೋದರೂ ಹೊಗೆ ಹೊರಕ್ಕೆ ತಿರುಗಬಹುದು. ಕರಾವಳಿಯ ಸೆಕೆಯಲ್ಲಿ ಸೀಲಿಂಗ್ ಫ್ಯಾನ್ ಹಾಕಿ ಕಿಟಕಿ ತೆರೆದಿಡುವುದು ಸಹಜ. ಹುಡ್ ಬಳಸುವಾಗ ಅದೇ ಅಪಾಯ. ಪಾತ್ರೆಗಳು ಅಂಚಿನಿಂದ 15 ಸೆಂ.ಮೀ. ಒಳಗಿರಬೇಕು, ಗಾಜು ಮುಖಕ್ಕೆ ಅಡ್ಡವಾಗಿರಬೇಕು, ತಲೆಯನ್ನಂತೂ ಒಳಗೆ ಹಾಕಕೂಡದು. ಹಿಂಬದಿಯ ಸೀಳುಗಳಿಗೆ ಅಡ್ಡವಾಗಿ ಬಾಟಲಿ ಪೇರಿಸಿ ಹುಡ್ಡನ್ನು ದಾಸ್ತಾನು ಕೋಣೆಯಾಗಿಸಿದರೆ ಎಳೆತವೇ ಕುಂದುತ್ತದೆ. ಬಾಗಿಲಂಚಿಗೆ ಅಂಟಿಸಿದ ಟಿಶ್ಯೂ ಪಟ್ಟಿ ಒಳಕ್ಕೆ ವಾಲಿದರೆ ಗಾಳಿ ಎಳೆಯುತ್ತಿದೆ ಎಂದರ್ಥ. ವೇಗ ತಿಳಿಯಲು ಮಾತ್ರ ಅನಿಮೋಮೀಟರ್ ಬೇಕು.

ಪರ್ಕ್ಲೋರಿಕ್ ಆಮ್ಲವನ್ನು ಸಾಮಾನ್ಯ ಹುಡ್ಡಿನಲ್ಲಿ ಕಾಯಿಸಬಾರದು. ಕೊಳವೆಯಲ್ಲಿ ಕೂರುವ ಅದರ ಲವಣಗಳು ಸ್ಫೋಟಿಸಬಲ್ಲವು. ಅದಕ್ಕೆ ನೀರಿನಿಂದ ತೊಳೆಯುವ ವ್ಯವಸ್ಥೆಯುಳ್ಳ ಪ್ರತ್ಯೇಕ ಹುಡ್ ಇದೆ.