ಟ್ರೂತ್ ಟೇಬಲ್‌ನಿಂದ ಕೆ-ಮ್ಯಾಪ್‌ಗೆ, ಅಲ್ಲಿಂದ ಮುಂದಕ್ಕೆ

1930ರ ದಶಕದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳಾದ ರಿಲೇಗಳನ್ನು ಜೋಡಿಸುವುದು ಅನುಭವಸ್ಥರ ಕೈಚಳಕವಾಗಿತ್ತು. ಅದಕ್ಕೊಂದು ಗಣಿತ ಒದಗಿಸಿದವನು ಎಂಐಟಿಯ ವಿದ್ಯಾರ್ಥಿ ಕ್ಲಾಡ್ ಶಾನನ್. ಜಾರ್ಜ್ ಬೂಲ್ ತರ್ಕಕ್ಕೆಂದು ರೂಪಿಸಿದ್ದ ಬೀಜಗಣಿತ ಸ್ವಿಚ್ಚುಗಳಿಗೂ ಒಗ್ಗುತ್ತದೆಂದು ಆತ 1937ರ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದ. ಜಪಾನಿನ ಅಕಿರಾ ನಾಕಾಶಿಮಾ, ಸೋವಿಯತ್ ಒಕ್ಕೂಟದ ವಿಕ್ಟರ್ ಶೆಸ್ತಕೋವ್ ಕೂಡ ಅದೇ ದಶಕದಲ್ಲಿ ಅದೇ ದಾರಿಯಲ್ಲಿದ್ದರು. ಸರ್ಕ್ಯೂಟನ್ನು ಸೂತ್ರವಾಗಿ ಬರೆಯಬಹುದಾದರೆ ಆ ಸೂತ್ರವನ್ನು ಚಿಕ್ಕದಾಗಿಸಲೂಬಹುದು. ಪ್ರತಿ ರಿಲೇಗೂ ದುಡ್ಡು ತೆರಬೇಕಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಆದರೆ ಚಿಕ್ಕದಾಗಿಸುವುದು ಹೇಗೆ?

ಎ, ಬಿ, ಸಿ ಎಂಬ ಮೂರು ಇನ್‌ಪುಟ್‌ಗಳಲ್ಲಿ ಕನಿಷ್ಠ ಎರಡು 1 ಆದಾಗ ಔಟ್‌ಪುಟ್ 1 ಆಗಬೇಕೆನ್ನಿ. ಕಂಪ್ಯೂಟರ್ ಕೂಡುವಾಗ ಮುಂದಿನ ಸ್ಥಾನಕ್ಕೆ ಒಯ್ಯುವ ಕ್ಯಾರಿ ಹುಟ್ಟುವುದು ಹೀಗೆಯೇ. ಇನ್‌ಪುಟ್‌ಗಳ ಪ್ರತಿ ಜೋಡಣೆಗೂ ಔಟ್‌ಪುಟ್ ಏನೆಂದು ಬರೆದ ಪಟ್ಟಿಯೇ ಟ್ರೂತ್ ಟೇಬಲ್. ಅದರ 8 ಸಾಲುಗಳಲ್ಲಿ 011, 101, 110, 111 ಇವಕ್ಕೆ ಉತ್ತರ 1. ಇದ್ದಂತೆಯೇ ಕಟ್ಟಿದರೆ ಮೂರು ಇನ್‌ಪುಟ್‌ನ ನಾಲ್ಕು ಆ್ಯಂಡ್ ಗೇಟು (ಎಲ್ಲ ಇನ್‌ಪುಟ್ 1 ಆದರೆ ಮಾತ್ರ 1), ಒಂದು ಆರ್ ಗೇಟು (ಯಾವುದಾದರೊಂದು 1 ಆದರೂ 1), ಸಾಲದ್ದಕ್ಕೆ 0 ಮತ್ತು 1ನ್ನು ಅದಲುಬದಲು ಮಾಡುವ ನಾಟ್ ಗೇಟುಗಳು ಬೇಕು. ಬೂಲಿಯನ್ ನಿಯಮಗಳಿಂದ ಇದನ್ನು ಇಳಿಸಬಹುದು, ನಿಜ. ಯಾವ ನಿಯಮವನ್ನು ಎಲ್ಲಿ ಹಚ್ಚಬೇಕೆಂದು ಮಾತ್ರ ಆ ನಿಯಮಗಳೇ ಹೇಳುವುದಿಲ್ಲ.

1952ರಲ್ಲಿ ಎಡ್ವರ್ಡ್ ವೀಚ್ ಟೇಬಲನ್ನು ಚೌಕಗಳಿಗೆ ಇಳಿಸಿದ. ಮರುವರ್ಷ ಬೆಲ್ ಲ್ಯಾಬ್ಸ್‌ನ ಮಾರಿಸ್ ಕಾರ್ನೋ ಕಾಲಂಗಳ ಕ್ರಮವನ್ನು 00, 01, 11, 10 ಎಂದು ಬದಲಿಸಿದ. ಇದೇ ಕಾರ್ನೋ ಮ್ಯಾಪ್, ಅಂದರೆ ಕೆ-ಮ್ಯಾಪ್. ಇಡೀ ವಿಧಾನದ ಜೀವ ಇರುವುದು ಇಲ್ಲೇ: ಅಕ್ಕಪಕ್ಕದ ಮನೆಗಳ ನಡುವೆ ಈಗ ಒಂದೇ ಬಿಟ್‌ನ ವ್ಯತ್ಯಾಸ. ನಮ್ಮ ಉದಾಹರಣೆಯಲ್ಲಿ 111ರ ಮನೆ ಉಳಿದ ಮೂರೂ 1ಗಳಿಗೆ ನೆರೆ. ಮೂರು ಜೋಡಿ ಸುತ್ತಿ, ಪ್ರತಿ ಜೋಡಿಯಲ್ಲೂ ಬದಲಾಗುವ ಅಕ್ಷರ ಬಿಟ್ಟರೆ ಎಬಿ + ಬಿಸಿ + ಸಿಎ ಸಿಗುತ್ತದೆ. ಎರಡೇ ಇನ್‌ಪುಟ್‌ನ ಮೂರು ಆ್ಯಂಡ್, ಒಂದು ಆರ್. ನಾಟ್ ಗೇಟು ಬೇಕೇ ಇಲ್ಲ. ಎಡತುದಿಯ ಕಾಲಂ ಬಲತುದಿಯದಕ್ಕೂ ನೆರೆಯೆಂಬುದನ್ನು ಮರೆತರೆ ಮಾತ್ರ ಲೆಕ್ಕ ಕೆಡುತ್ತದೆ.

ನಾಲ್ಕು ಇನ್‌ಪುಟ್‌ಗೆ 16 ಮನೆ, ಆರಕ್ಕೆ 64. ಅಲ್ಲಿಗೆ ಕಣ್ಣು ಸೋಲುತ್ತದೆ. ತತ್ತ್ವಶಾಸ್ತ್ರಜ್ಞ ಕ್ವೈನ್ ತೋರಿಸಿದ ದಾರಿಯನ್ನು ಎಡ್ವರ್ಡ್ ಮೆಕ್‌ಕ್ಲಸ್ಕಿ 1956ರಲ್ಲಿ ಯಂತ್ರವೂ ಅನುಸರಿಸಬಲ್ಲ ಪಟ್ಟಿಯ ವಿಧಾನವಾಗಿ ಬೆಳೆಸಿದ. ಅದು ಅತಿ ಚಿಕ್ಕ ಉತ್ತರವನ್ನು ಖಂಡಿತ ಕೊಡುತ್ತದೆ, ಆದರೆ ಇನ್‌ಪುಟ್ ಹೆಚ್ಚಿದಂತೆ ಕೆಲಸ ಕೈಮೀರುತ್ತದೆ. 20 ಇನ್‌ಪುಟ್‌ನ ಟೇಬಲ್‌ಗೆ 10,48,576 ಸಾಲು!

1980ರ ದಶಕದಲ್ಲಿ ಐಬಿಎಂ ಮತ್ತು ಬರ್ಕ್ಲಿಯಲ್ಲಿ ಬೆಳೆದ 'ಎಸ್ಪ್ರೆಸೊ' ಎಂಬ ಸಾಫ್ಟ್‌ವೇರ್ ಆ ಖಾತ್ರಿಯನ್ನೇ ಬಿಟ್ಟುಕೊಟ್ಟಿತು. ಅತಿ ಚಿಕ್ಕದು ಬೇಡ, ಬೇಗ ಸಿಗುವ ಸಾಕಷ್ಟು ಚಿಕ್ಕ ಉತ್ತರ ಸಾಕು ಎಂಬ ಈ ನಿಲುವೇ ಈ ಕ್ಷೇತ್ರದ ಅತ್ಯಂತ ದಿಟ್ಟ ಹೆಜ್ಜೆ. ಇಂದಿನ ಚಿಪ್ ವಿನ್ಯಾಸದಲ್ಲಿ ಗೇಟುಗಳ ಲೆಕ್ಕದ ಜೊತೆಗೆ ವೇಗ, ವಿದ್ಯುತ್ ಖರ್ಚು, ತಂತಿಗಳ ಉದ್ದವನ್ನೂ ತೂಗಬೇಕು. ತಯಾರಾದ ಮೇಲೂ ಸರ್ಕ್ಯೂಟ್ ಬದಲಿಸಬಹುದಾದ ಎಫ್‌ಪಿಜಿಎ ಚಿಪ್‌ಗಳಲ್ಲಂತೂ ಟ್ರೂತ್ ಟೇಬಲನ್ನೇ ನೇರವಾಗಿ ಮೆಮೊರಿಯಲ್ಲಿ ತುಂಬುತ್ತಾರೆ. ಆರು ಇನ್‌ಪುಟ್‌ನ ಯಾವ ಫಂಕ್ಷನ್ ಆದರೂ 64 ಬಿಟ್‌ಗಳಲ್ಲಿ ಮುಗಿಯಿತು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯದಲ್ಲಿ ಕೆ-ಮ್ಯಾಪ್ ಈಗಲೂ ಇದೆ, ಇರಲೇಬೇಕು. ಸಾಫ್ಟ್‌ವೇರ್ ಕೊಟ್ಟ ಉತ್ತರ ಯಾಕೆ ಸರಿಯೆಂದು ಕೇಳುವ ವಿದ್ಯಾರ್ಥಿ ಮೊದಲು ನಾಲ್ಕು ಇನ್‌ಪುಟ್‌ನ ನಕ್ಷೆಯೊಂದನ್ನು ಪೆನ್ಸಿಲ್ ಹಿಡಿದು ತಾನೇ ಬಿಡಿಸಿರಬೇಕು.